ಭಂಡಾರ ಮುಟ್ಟಿದ ವರ್ಷ

ಹೊಸ ಕಟ್ಟಡದ ವಾಸನೆ ನನಗೆ ಆಗಿಬರುವುದಿಲ್ಲ. ಹಸಿ ಸಿಮೆಂಟು, ಬಣ್ಣ, ಫರಸಿ ತಿಕ್ಕಿದ ಬಿಳಿ ಧೂಳು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಯಾರೋ ಎಲ್ಲೋ ನನಗೆ ಸುಳ್ಳು ಹೇಳುತ್ತಿದ್ದಾರೆ ಅನ್ನಿಸತೊಡಗುತ್ತದೆ. ಹೋದ ತಿಂಗಳು ಬೈಲಹೊಂಗಲದ ಬಜಾರದಲ್ಲಿ ಎದ್ದಿರುವ ಕಾಂಪ್ಲೆಕ್ಸಿಗೆ ಹೋಗಬೇಕಾಯಿತು. ನನ್ನ ಹತ್ತಿರ ಜಂಪರ್ ಹೊಲಿಸುವ ಒಬ್ಬಾಕೆಯ ಸೊಸೆ ಅಲ್ಲಿ ಮೇಲಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ತೆಗೆದಿದ್ದಳು, ಪೂಜೆಗೆ ಕರೆದಿದ್ದಳು. ಮೆಟ್ಟಿಲಿನ ಮೊದಲ ತಿರುವಿನಲ್ಲಿ ಬಣ್ಣದ ವಾಸನೆ ಬಂತು, ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹುಡುಗಿ, "ಯಾಕ್ರೀ ಅಕ್ಕಾರ, ಮಣಕಾಲ ನೋಯಾಕ ಹತ್ತೇತೇನ್ರಿ?" ಅಂತ ಕೇಳಿದಳು. ಇಲ್ಲವ್ವಾ, ನೀ ಮುಂದೆ ನಡಿ ಅಂದೆ. ನಾನು ನಿಂತಿದ್ದ ಜಾಗದ ಸರಿಯಾಗಿ ಕೆಳಗೆ ಒಂದು ಕಾಲಕ್ಕೆ ನನ್ನ ಅಂಗಡಿ ಇತ್ತು ಅಂತ ಆ ಹುಡುಗಿಗೆ ಹೇಳಿ ಆಗಬೇಕಾದದ್ದೇನು?

ಅಂಗಡಿ ಅಂದರೆ ಬಹಳ ದೊಡ್ಡದೇನಲ್ಲ. ಕಲ್ಲಿನ ಗೋಡೆ, ಮೇಲೆ ತಗಡು, ಒಂದೇ ಬಾಗಿಲು. ಮಶಿನ್ನು, ಬಟ್ಟೆ ಕತ್ತರಿಸುವ ಮೇಜು, ನಾನು, ಇಷ್ಟಕ್ಕೇ ತುಂಬಿಹೋಗುತ್ತಿತ್ತು. ಗಿರಾಕಿ ಹೊಸ್ತಿಲಲ್ಲಿ ನಿಂತೇ ಅಳತೆ ಕೊಡಬೇಕು. ಆದರೆ ಅದು ಬಜಾರದ ಜಾಗ. ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬಂದ ಹೆಣ್ಣುಮಕ್ಕಳು ಜಂಪರಿನ ಖಣದ ಬಟ್ಟೆ ಕೊಟ್ಟು, ಕಾಯಿಪಲ್ಲೆ ಕೊಂಡು, ತಿರುಗಿ ಬಸ್ ಸ್ಟ್ಯಾಂಡಿಗೆ ಹೋಗುವಾಗ ಹೋದ ವಾರದ ಜಂಪರ್ ಒಯ್ಯುತ್ತಿದ್ದರು. ನನ್ನ ಹೊಲಿಗೆ ಬಹಳ ಚಂದ ಅಂತ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ಅವರ ದಾರಿಯಲ್ಲಿ ನಾನು ಕೂತಿದ್ದೆ, ಅದಕ್ಕೇ ಬರುತ್ತಿದ್ದರು. ನಮ್ಮ ಮನೆಯವರು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಹತ್ತಿಯ ಹಂಗಾಮು ಮುಗಿದರೆ ಅವರಿಗೆ ಕೆಲಸವಿಲ್ಲ. ಉಳಿದ ತಿಂಗಳು ನಮ್ಮ ಒಲೆ ಉರಿಯುತ್ತಿದ್ದುದು ಆ ಬಾಗಿಲಿನಿಂದಲೇ. ಬಜಾರದಲ್ಲಿ ನೆಲದ ಮೇಲೆ ಒಂದು ಬಾಗಿಲು, ನನ್ನ ಆಸ್ತಿ ಅಂದರೆ ಅಷ್ಟೇ. ಅದೂ ಬಾಡಿಗೆಯದು.

ನನ್ನದು ಮೊದಲಿನಿಂದಲೂ ಸಂಶಯದ ಸ್ವಭಾವ. "ಇಕಿ ಹಾಲು ಕುಡಿಯೂ ಮುಂದನೂ ತಳಾ ನೋಡಿ ಕುಡೀತಾಳ" ಅಂತ ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೌದು, ನೋಡುತ್ತೇನೆ. ತಳ ನೋಡದೆ ಕುಡಿದವರು ಯಾರು ಉದ್ಧಾರವಾಗಿದ್ದಾರೆ ಅಂತ ಆಕೆ ಒಮ್ಮೆಯೂ ಹೇಳಲಿಲ್ಲ.

ನಮ್ಮ ಅಂಗಡಿ ಸಾಲು ಒಂದು ಹಳೆಯ ವಾಡೆಯ ದೊಡ್ಡಮನೆಯವರದು. ವಾಡೆ ಬಿದ್ದು ಮಣ್ಣಾಗಿತ್ತು; ಅದರ ಧಣಿ ಪುಣೆಯಲ್ಲಿ ಇದ್ದ, ನಾವ್ಯಾರೂ ಅವನ ಮುಖ ಕಂಡವರಲ್ಲ. ಬಾಡಿಗೆ ವಸೂಲಿ, ರಿಪೇರಿ, ತಕರಾರು ಎಲ್ಲ ನೋಡುತ್ತಿದ್ದವನು ಅವನ ಕಾರಭಾರಿ ಚನ್ನಪ್ಪ. ಗಂಜಿ ಹಾಕಿದ ಬಿಳಿ ಅಂಗಿ, ಬಾಯಲ್ಲಿ ಸದಾ ಅಡಿಕೆ. ಯಾರನ್ನು ಕಂಡರೂ ಎರಡೂ ಕೈ ಮುಗಿದು, "ನಿಮ್ಮ ಮನಿ ಮಗಾ ಅಂತ ತಿಳೀರಿ" ಅನ್ನುವವನು. ಊರಿಗೆಲ್ಲ ಮನೆಮಗನಾದವನು ಯಾರ ಮನೆಯ ಕಷ್ಟಕ್ಕೂ ಬಂದದ್ದನ್ನು ನಾನು ನೋಡಿಲ್ಲ.

ನನ್ನ ಪಕ್ಕದ ಅಂಗಡಿ ಶಿವಲಿಂಗಣ್ಣನದು. ಹಿತ್ತಾಳೆ, ತಾಮ್ರ, ಸ್ಟೀಲಿನ ಭಾಂಡೆ ಅಂಗಡಿ. ದೊಡ್ಡ ಧ್ವನಿ, ದೊಡ್ಡ ಹೊಟ್ಟೆ. ಮದುವೆಗೆ ಭಾಂಡೆ ಕೊಳ್ಳಲು ಬಂದವರನ್ನು ನಗಿಸಿ ನಗಿಸಿಯೇ ಇನ್ನೊಂದು ಕೊಡ ಹೊರಿಸಿ ಕಳಿಸುತ್ತಿದ್ದ. ಸಾಲಿನಲ್ಲಿ ಏನೇ ಜಗಳವಾದರೂ ಅವನ ಮಾತಿಗೆ ಮುಗಿಯುತ್ತಿತ್ತು. ನನಗೆ ಅಣ್ಣತಮ್ಮಂದಿರಿಲ್ಲ. ಪ್ರತಿ ವರ್ಷ ನಾಗಪಂಚಮಿಗೆ ಅವನ ಹೆಂಡತಿ ಪಾರಕ್ಕ ನನ್ನನ್ನು ಮನೆಗೆ ಕರೆದು, ಉಂಡಿ ಕಟ್ಟಿಕೊಟ್ಟು, ಖಣದಲ್ಲಿ ಉಡಿ ತುಂಬಿ ಕಳಿಸುತ್ತಿದ್ದಳು. ನಮ್ಮಿಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ. ಅದರಲ್ಲೊಂದು ಕಲ್ಲು ಎಂದೋ ಬಿದ್ದುಹೋಗಿ ಕಿಂಡಿಯಾಗಿತ್ತು. ಮಧ್ಯಾಹ್ನದ ಚಹಾ ಆ ಕಿಂಡಿಯಿಂದಲೇ ಬರುತ್ತಿತ್ತು. "ನಿರ್ಮಲಾ" ಅಂತ ಒಂದು ಕೂಗು, ಆಮೇಲೆ ಪಾರಕ್ಕನ ಬಳೆಗಳು, ಆಮೇಲೆ ಲೋಟ.

ಆ ವರ್ಷ ಶ್ರಾವಣದಲ್ಲಿ ಇಡೀ ಊರೇ ಅಗೆತದಲ್ಲಿತ್ತು. ರಸ್ತೆ ಅಗಲ ಮಾಡುತ್ತಿದ್ದರು, ಗಟಾರು ಹೊಸದಾಗುತ್ತಿತ್ತು, ಸರ್ಕಲ್ಲಿನಲ್ಲಿ ಮುಗಿಲಿಗೆ ಮುಟ್ಟುವ ದೀಪದ ಕಂಬ ನಿಲ್ಲಿಸುತ್ತಿದ್ದರು. ಮೇಲಿಂದ ಜಿಟಿಜಿಟಿ ಮಳೆ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಚಪ್ಪಲಿ ಹಿಡಿಯಿತೆಂದರೆ ಕಾಲು ಬಿಟ್ಟರೂ ಚಪ್ಪಲಿ ಬಿಡುವುದಿಲ್ಲ. ಹೆಣ್ಣುಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕೊಂಡು ನನ್ನ ಹೊಸ್ತಿಲಿಗೆ ಬಂದು, "ಊರು ಬೆಳಿಯಾಕ ಹತ್ತೇತವಾ" ಅನ್ನುತ್ತಿದ್ದರು. ಬೆಳೆಯಲಿ, ನಾನು ಬೇಡ ಅಂದೆನೆ? ಮಳೆ ಬಂದರೆ ಗಟಾರಿನ ನೀರು ನನ್ನ ಮೇಜಿನ ಕಾಲಿಗೇ ಬರುತ್ತಿತ್ತು. ಹೊಸ ಗಟಾರು ನನಗೂ ಬೇಕಾಗಿತ್ತು.

ಅದೇ ಕೆಸರಿನಲ್ಲಿ ಒಂದು ಮುಂಜಾನೆ ನಮ್ಮ ಸಾಲಿನ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಧಣಿ ಈ ಸಾಲನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತಾನಂತೆ. ಚಿತ್ರದಲ್ಲಿ ಬಿಳಿ ಕಟ್ಟಡ, ಮುಂದೆ ನಮ್ಮ ಜಿಲ್ಲೆಯಲ್ಲಿ ಎಲ್ಲೂ ಬೆಳೆಯದ ಜಾತಿಯ ಗಿಡಗಳು, ಪ್ಯಾಂಟು ಹಾಕಿಕೊಂಡು ಕೈಯಲ್ಲಿ ಚೀಲ ಹಿಡಿದು ನಗುವ ಹೆಂಗಸು. ಸಾಲಿನವರೆಲ್ಲ ಕೊಡೆ ಹಿಡಿದು ನಿಂತು ನೋಡಿದೆವು. ಚನ್ನಪ್ಪ ಕೈ ಮುಗಿಯುತ್ತ ಬಂದ. ಹಳೇ ಬಾಡಿಗೆದಾರರಿಗೆಲ್ಲ ಕೆಳಗೇ ಅಂಗಡಿ, ಈಗಿದ್ದ ಸಾಲಿನಲ್ಲೇ. ಕಟ್ಟುವವರೆಗೆ ಒಂದು ವರ್ಷ ಬೇರೆ ಕಡೆ ಸಂಭಾಳಿಸಿಕೊಳ್ಳಬೇಕು ಅಂದ.

ನಾನು ಚಿತ್ರದ ಹತ್ತಿರ ಹೋಗಿ ನೋಡಿದೆ. ಕೆಳಗಿನ ಮಾಳಿಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗಾಜು.

"ಕಾರಭಾರ್ಯಾರ, ಇದರಾಗ ನನ್ನ ಬಾಗಲಾ ಎಲ್ಲೈತ್ರಿ?"

"ಚಿತ್ರದಾಗ ಎಲ್ಲಾ ಬರತಾವೇನ್ರಿ ಅಕ್ಕಾರ? ಸುಮ್ನ ತೋರಸಾಕ ಮಾಡಿದ್ದದು."

"ತೋರಸಾಕ ಮಾಡಿದ್ರಾಗ ನಮ್ಮವೂ ನಾಕ ಬಾಗಲಾ ತೋರಸಿದ್ರ ಬಣ್ಣಾ ಬಾಳ ಖರ್ಚ ಆಗ್ತಿತ್ತೇನ್ರಿ?"

ಎಲ್ಲರೂ ನಕ್ಕರು. ಚನ್ನಪ್ಪನೂ ನಕ್ಕ. ಶಿವಲಿಂಗಣ್ಣ ಮಾತ್ರ ನಗಲಿಲ್ಲ. ಬೇರೆ ದಿನವಾಗಿದ್ದರೆ ನನ್ನ ಮಾತಿಗೆ ಇನ್ನೊಂದು ಮಾತು ಪೋಣಿಸಿ ಇಡೀ ಬಜಾರ ನಗಿಸುತ್ತಿದ್ದವನು, ಆವತ್ತು ಫ್ಲೆಕ್ಸಿನ ಹಗ್ಗ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಅಂತ ನೋಡುತ್ತ ನಿಂತಿದ್ದ. ಅಲ್ಲಿಂದ ಶುರುವಾಯಿತು ನನ್ನ ಸಂಶಯ.

ಆಮೇಲಿನ ತಿಂಗಳುಗಳಲ್ಲಿ ನಾನು ಹೊಲಿದದ್ದಕ್ಕಿಂತ ಕಿವಿಗೊಟ್ಟು ಕೂತದ್ದೇ ಹೆಚ್ಚು. ಕಿರಾಣಿ ಅಂಗಡಿಯ ಮಲ್ಲಪ್ಪ ಹೊಸ ಸ್ಕೂಟರ್ ತಂದ. ಇವನಿಗೆ ಎಲ್ಲಿಂದ ಬಂತು? ಪಾನ್ ಅಂಗಡಿಯವನ ಅಳಿಯ ಕಾಂಪ್ಲೆಕ್ಸಿನ ವಾಚಮನ್ ಆಗುತ್ತಾನೆ ಅಂತ ಸುದ್ದಿ ಬಂತು. ಕಟ್ಟುವ ಮೊದಲೇ ವಾಚಮನ್ ಯಾಕೆ? ಒಬ್ಬರು ಚನ್ನಪ್ಪನ ಮನೆ ಕಡೆ ಹೋದರೆ ಉಳಿದವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ದೀಪಾವಳಿಗೆ ಒಬ್ಬರ ಅಂಗಡಿ ಪೂಜೆಗೆ ಇನ್ನೊಬ್ಬರು ಹೋದೆವು, ಚುರುಮುರಿ ತಿಂದೆವು, ಆದರೆ ಕಣ್ಣೆಲ್ಲ ಅವರ ಅಂಗಡಿಯಲ್ಲಿ ಹೊಸದೇನು ಬಂದಿದೆ ಅಂತ ಹುಡುಕುತ್ತಿದ್ದವು. ಎಲ್ಲರೂ ಹೀಗೇ. ನಾನು ಬಾಯಿ ಬಿಟ್ಟು ಹೇಳುತ್ತಿದ್ದೆ, ಅವರು ಹೇಳುತ್ತಿರಲಿಲ್ಲ. ಚನ್ನಪ್ಪ ಶಿವಲಿಂಗಣ್ಣನ ಅಂಗಡಿಯ ಹಿಂದಿನ ಖೋಲಿಯಲ್ಲಿ ಕೂತು ಚಹಾ ಕುಡಿದು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಕಿಂಡಿಗೆ ಕಿವಿಯನ್ನೂ ಇಟ್ಟೆ. ಭಾಂಡೆಗಳ ಸಪ್ಪಳ ಬಿಟ್ಟು ಏನೂ ಕೇಳಲಿಲ್ಲ. ಕೇಳದಂತೆಯೇ ಸಪ್ಪಳ ಮಾಡುತ್ತಿದ್ದಾರೆ ಅನ್ನಿಸಿತು.

"ಏನಂತ ಕಾರಭಾರಿ?" ಅಂತ ಪಾರಕ್ಕನನ್ನು ಕೇಳಿದೆ.

"ಏನಿಲ್ಲವಾ, ಮಗಳ ಮದವಿಗೆ ಭಾಂಡೆ ಬೇಕಂತ" ಅಂದಳು. ಅವನ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು.

ನಮ್ಮ ಮನೆಯವರು, "ಲೇ, ನೀ ಹಿಂಗ ಎಲ್ಲಾರ ಮ್ಯಾಲೆ ಸಂಶೇ ಪಟಗೋತ ಕುಂತ್ರ ಅಂಗಡಿ ಉಳಿತೈತೇನು? ವಕೀಲರ ಕಡೆ ಹೋಗಿ ಒಂದ ಕಾಗದಾ ಮಾಡಸ್ರಿ" ಅಂದರು. ಒಳ್ಳೆಯ ಮಾತೇ. ಸಾಲಿನವರ ಮುಂದೆ ಇಟ್ಟೆ. ಮಲ್ಲಪ್ಪ ಒಪ್ಪಲಿಲ್ಲ. ಕಾಗದ ಅಂದರೆ ಕೋರ್ಟು, ಕೋರ್ಟು ಅಂದರೆ ಮೊಮ್ಮಕ್ಕಳ ಕಾಲದವರೆಗೆ. ಕೊನೆಗೆ ಎಲ್ಲರಿಗೂ ಮೆಚ್ಚುಗೆಯಾದ ದಾರಿ ಹೇಳಿದವಳು ನಾನೇ. ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೋಗಿ ಎಲ್ಲಮ್ಮನ ಭಂಡಾರ ತಂದಿದ್ದೆ. "ಎಲ್ಲಾರೂ ಮುಟ್ಟಿ ಹೇಳ್ರಿ" ಅಂದೆ.

ಭಂಡಾರ ಅಂದರೆ ನೋಡಲು ಅರಿಷಿಣದ ಪುಡಿಯೇ. ಆದರೆ ಗುಡ್ಡದಿಂದ ಬಂದ ಮೇಲೆ ಅದು ಪುಡಿಯಲ್ಲ. ಅದನ್ನು ಮುಟ್ಟಿ ಸುಳ್ಳು ಹೇಳಿದವನ ಮನೆಯ ದೀಪ ಉಳಿಯುವುದಿಲ್ಲ ಅಂತ ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಗಂಡ ಹೆಂಡತಿ ಜಗಳ, ಹೊಲದ ಬದುವಿನ ಜಗಳ, ಎಮ್ಮೆ ಕಳುವು, ಎಲ್ಲ ಅದರ ಮುಂದೆ ತೀರ್ಮಾನವಾಗುತ್ತವೆ. "ಕಾಗದಾ ಹರೀಬಹುದು, ಭಂಡಾರಾ ಹರ್ಯಾಕ ಬರತೈತೇನು?" ಅಂತ ಮಲ್ಲಪ್ಪ ಕೇಳಿದ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಒಂದು ಮಂಗಳವಾರ ಮುಂಜಾನೆ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಹಿತ್ತಾಳೆ ತಾಟಿನಲ್ಲಿ ಭಂಡಾರ ಇಟ್ಟೆವು. ಚಳಿ ಇನ್ನೂ ಹೋಗಿರಲಿಲ್ಲ. ಹತ್ತಿ ಹೇರಿದ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಬೀದಿಯ ತುಂಬ ಬಿಳಿ ಎಳೆ ಹಾರಾಡುತ್ತಿತ್ತು. ಚನ್ನಪ್ಪ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲೇ ಬಂದ. ಚಪ್ಪಲಿ ಕಳೆದು, ತಾಟಿನಲ್ಲಿ ಅಂಗೈ ಊರಿ, "ಹಳೇ ಮಂದಿಗೆಲ್ಲಾ ಕೆಳಗಿನ ಮಾಳಿಗ್ಯಾಗ, ಅದ ಸಾಲಿನ್ಯಾಗ ಅಂಗಡಿ ಕೊಡತೇನಿ. ತಪ್ಪಿದ್ರ ತಾಯಿ ನೋಡಕೋತಾಳ" ಅಂದು ಹಣೆಗೆ ಹಚ್ಚಿಕೊಂಡ, ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡ. ಅಡಿಕೆಯ ಜೊತೆ ಭಂಡಾರ ಜಗಿದವನನ್ನು ನಾನು ಅದೇ ಮೊದಲು ನೋಡಿದ್ದು. ಆದರೂ ನನ್ನೆದೆಯ ಮೇಲಿನ ಕಲ್ಲು ಇಳಿದಂತಾಯಿತು, ಸುಳ್ಳೇಕೆ ಹೇಳಲಿ?

ಆಮೇಲೆ ನಮ್ಮ ಸರದಿ. ಚನ್ನಪ್ಪನ ಜೊತೆ ಒಳಗಿಂದೊಳಗೆ ಯಾವ ಮಾತೂ ಆಡಿಲ್ಲ, ಆಡುವುದಿಲ್ಲ ಅಂತ ಒಬ್ಬೊಬ್ಬರೇ ಮುಟ್ಟಿ ಹೇಳಿದೆವು. ಮಲ್ಲಪ್ಪ ಮುಟ್ಟಿದ, ಪಾನ್ ಅಂಗಡಿಯವನು ಮುಟ್ಟಿದ, ನಾನು ಮುಟ್ಟಿದೆ. ಕೊನೆಗೆ ಶಿವಲಿಂಗಣ್ಣ. ಅವನ ಕೈ ತಾಟಿನವರೆಗೆ ಬಂತು. ಬಂದದ್ದು ಹಿಂದೆ ಹೋಗಿ ಹೆಗಲ ಮೇಲಿನ ಟವೆಲ್ಲು ಹಿಡಿಯಿತು.

"ನಾ ಮುಟ್ಟೂದಿಲ್ಲ" ಅಂದ.

"ಯಾಕ?" ಅಂತ ಮಲ್ಲಪ್ಪ ಕೇಳಿದ.

"ಮುಟ್ಟೂದಿಲ್ಲಂದ್ರ ಮುಟ್ಟೂದಿಲ್ಲ. ಇಟ್ಟಂಗಿ ಸಿಮಿಟಿ ಸಲುವಾಗಿ ದೇವರನ್ನ ಬಜಾರಕ್ಕ ಎಳೀಬ್ಯಾಡ್ರಿ."

ಅಷ್ಟು ಹೇಳಿ ಒಳಗೆ ಹೋದ. ಪಾರಕ್ಕ ತಾಟಿಗೆ ಕೈ ಮುಗಿದು ಅವನ ಹಿಂದೆಯೇ ಹೋದಳು. ಚನ್ನಪ್ಪ ಮೆಲ್ಲಗೆ, "ಬಿಡ್ರಿ, ಅವರ ಮನಸಿನ್ಯಾಗ ಏನೈತೋ ಯಾರಿಗೊತ್ತ" ಅಂದ.

ಅಷ್ಟೇ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಎಲ್ಲರ ಮುಂದೆ ಹೆಗಲು ಮುಟ್ಟಿಕೊಂಡೇ ಒಳಗೆ ಹೋಗಿದ್ದ. ಮರುದಿನದಿಂದ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ನನಗೆ ಬಂದ ಸಿಟ್ಟು ಬೇರೆಯವರಿಗೆ ಬರಲು ಸಾಧ್ಯವಿರಲಿಲ್ಲ, ಯಾಕೆಂದರೆ ಅವರಾರೂ ಅವನ ಮನೆಯಲ್ಲಿ ಉಡಿ ತುಂಬಿಸಿಕೊಂಡವರಲ್ಲ. ಮಧ್ಯಾಹ್ನ "ನಿರ್ಮಲಾ" ಅಂತ ಕೂಗು ಬಂತು, ಬಳೆಗಳ ಸಪ್ಪಳವೂ ಬಂತು. ಕತ್ತರಿಸಿ ಉಳಿದ ಚಿಂದಿಯನ್ನು ಗಂಟು ಕಟ್ಟಿ ಆ ಕಿಂಡಿಗೆ ತುರುಕಿದೆ. ಲೋಟ ಅತ್ತ ಕಡೆಯೇ ಉಳಿಯಿತು. ಆ ಹೊತ್ತಿಗೆ ಅಭ್ಯಾಸವಾಗಿದ್ದ ಚಹಾ ಸಿಗದೆ ಒಂದು ವಾರ ನನಗೆ ತಲೆನೋವು.

ಯುಗಾದಿಗೆ ನಾಲ್ಕು ದಿನ ಇರುವಾಗ ಶಿವಲಿಂಗಣ್ಣ ಭಾಂಡೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಾಗಿಸತೊಡಗಿದ. ಖಾಲಿ ಮಾಡಲು ಇನ್ನೂ ತಿಂಗಳು ಇತ್ತು. ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಖೋಲಿ ಹಿಡಿದಿದ್ದಾನಂತೆ ಅಂತ ಸುದ್ದಿ ಬಂತು. ಇಷ್ಟು ಅವಸರವೇಕೆ ಅಂತ ನಾನು ಯೋಚಿಸುತ್ತಿರುವಾಗಲೇ ಹಬ್ಬದ ದಿನ ಪಾರಕ್ಕ ಬೇವು ಬೆಲ್ಲ ಹಿಡಿದು ನನ್ನ ಹೊಸ್ತಿಲಿಗೆ ಬಂದಳು. ಆಕೆ ಕಿಂಡಿ ಬಿಟ್ಟು ಬಾಗಿಲಿಗೆ ಬಂದದ್ದೇ ಅಪರೂಪ.

"ನಿರ್ಮಲಾ, ಸಿಟ್ಟ ಬಾಜೂಕ ಇಡು. ಅಲ್ಲಿ ನಮ್ಮ ಅಂಗಡಿ ಬಾಜೂಕನ ಒಂದ ಖೋಲಿ ಖಾಲಿ ಐತಿ. ನಿನ್ನ ಸಲುವಾಗಿ ಮಾಲಕರಿಗೆ ಹೇಳಿ ಹಿಡದ ಇಟ್ಟೇವಿ. ಆ ಕಡೆನೂ ಹಳ್ಳಿ ಮಂದಿ ಓಡಾಡತೈತಿ. ಹೂಂ ಅನ್ನು."

"ನಾ ಯಾಕ ಹೋಗಲಿ? ನನಗ ಇಲ್ಲೇ ಕೆಳಗ ಅಂಗಡಿ ಬರತೈತಿ. ಭಂಡಾರಾ ಮುಟ್ಟಿ ಹೇಳ್ಯಾರ."

ಪಾರಕ್ಕ ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದಳು. "ಒಂದ ಮಾತ ಕೇಳ ನಂದು. ಆ ಖೋಲಿ ಬಿಡಬ್ಯಾಡ" ಅಂದಳು.

"ನಾ ಈ ಸಾಲು ಬಿಟ್ರ ನನ್ನ ಜಾಗಾ ನಿಮ್ಮ ಜಾಗಾ ಕೂಡಿಸಿ ದೊಡ್ಡ ಅಂಗಡಿ ಮಾಡಾಕ ಬರತೈತಲ್ಲಾ ಪಾರಕ್ಕ?"

ಆಕೆಯ ಮುಖ ಕೆಂಪಾಯಿತು. "ನಿನ್ನ ಜಂಪರಿಗೆ ಹೊಲಿಗಿ ಹಾಕೂದು ಬಿಟ್ಟು ಮೊದಲ ನಿನ್ನ ಬಾಯಿಗೆ ಒಂದ ಹೊಲಿಗಿ ಹಾಕ್ಕೋ" ಅಂದು, ಬೇವು ಬೆಲ್ಲದ ಬಟ್ಟಲನ್ನು ನನ್ನ ಮೇಜಿನ ಮೇಲೆ ಕುಕ್ಕಿ ಹೋದಳು. ಬೆಲ್ಲ ಆರಿಸಿ ತಿಂದೆ. ಬೇವು ಹಾಗೇ ಇತ್ತು.

ಬೇಸಿಗೆಯ ಉರಿಯಲ್ಲಿ ಜೆಸಿಬಿ ಬಂತು. ಮಶಿನ್ನನ್ನು ತಳ್ಳುಗಾಡಿಯಲ್ಲಿ ಮನೆಗೆ ಒಯ್ದಿದ್ದೆ, ಆದರೂ ನೋಡಲು ಹೋದೆ. ಗೋಡೆ ಕೆಡವಲು ಎಷ್ಟು ಹೊತ್ತು ಬೇಕಾದೀತು ಅಂದುಕೊಂಡಿದ್ದೆನೋ ಅಷ್ಟು ಬೇಕಾಗಲೇ ಇಲ್ಲ. ಹಲ್ಲಿನ ಬುಟ್ಟಿ ಒಮ್ಮೆ ಮುಂದೆ ಬಂದು ಒಮ್ಮೆ ಹಿಂದೆ ಹೋಯಿತು, ನನ್ನ ಬಾಗಿಲು ಇದ್ದಲ್ಲಿ ಬಿಸಿಲು ಬಿತ್ತು. ಕಿಂಡಿಗೆ ತುರುಕಿದ್ದ ಹಸಿರು, ಕೆಂಪು ಚಿಂದಿ ಮಣ್ಣಿನಲ್ಲಿ ಕಾಣುತ್ತಿತ್ತು. ಧೂಳು ಕಣ್ಣಿಗೆ ಹೋಯಿತು ಅಂತ ಪಕ್ಕದವರಿಗೆ ಹೇಳಿದೆ. ಧೂಳೇನಲ್ಲ, ಅಳುತ್ತಿದ್ದೆ.

ನಮ್ಮ ಮನೆ ಊರಾಚೆಯ ಓಣಿಯಲ್ಲಿ. ಅಲ್ಲಿಯವರೆಗೆ ಒಂದು ಜಂಪರಿಗಾಗಿ ಯಾರು ಬರುತ್ತಾರೆ? ಓಣಿಯ ನಾಲ್ಕು ಮನೆಯವರ ಫಾಲು, ಪಿಕೋ, ಹರಿದ ಲಂಗ, ಇಷ್ಟೇ. ಹಳ್ಳಿಯ ಹೆಣ್ಣುಮಕ್ಕಳು ಬಜಾರದಲ್ಲಿ ನನ್ನನ್ನು ಹುಡುಕಿ, ಪತರಾಸು ತಗಡಿನ ಬೇಲಿ ನೋಡಿ, ಬೇರೆಯವರಿಗೆ ಕೊಟ್ಟು ಹೋಗುತ್ತಿದ್ದರಂತೆ. ಕೈಯಲ್ಲಿ ಕೆಲಸವಿಲ್ಲದ್ದರಿಂದ ನಾನು ವಾರಕ್ಕೊಮ್ಮೆ ಆ ಬೇಲಿಯ ಸಂದಿಯಿಂದ ಇಣುಕಿ ಬರುತ್ತಿದ್ದೆ. ಮಳೆಗಾಲ ಮತ್ತೆ ಬಂತು. ಪಾಯದಲ್ಲಿ ನೀರು ನಿಂತಿತು, ಕಪ್ಪೆ ಕೂಗಿದವು, ಕಂಬಗಳು ಎದ್ದವು. ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ನನ್ನಂಥವರ ಎಷ್ಟೋ ಅಂಗಡಿ ಹಿಡಿಯುತ್ತಿದ್ದವು, ಆದರೆ ಅಡ್ಡಗೋಡೆಯ ಸುಳಿವೇ ಇಲ್ಲ. ಚನ್ನಪ್ಪನನ್ನು ತಡೆದು ಕೇಳಿದೆ. "ನಡುವಿನ ಗ್ವಾಡಿ ಕಡೀಕ ಬರತಾವ್ರಿ ಅಕ್ಕಾರ" ಅಂದ. ಮಲ್ಲಪ್ಪನಿಗೆ ಹೇಳಿದೆ. "ಭಂಡಾರಾ ಮುಟ್ಯಾನ ಬಿಡವಾ. ನಿಂಗ ದೇವರ ಮ್ಯಾಲೂ ಸಂಶೇನ?" ಅಂದ. ದೇವರ ಮೇಲಿಲ್ಲ, ಕಂಬದ ಮೇಲೆ ಅಂದೆ. ಆ ವರ್ಷ ಪಂಚಮಿ ಬಂದು ಹೋಯಿತು. ನಾನು ಉಂಡಿ ಕಟ್ಟಲಿಲ್ಲ, ಯಾರೂ ಕರೆಯಲಿಲ್ಲ.

ಮಹಾನವಮಿಯ ಹೊತ್ತಿಗೆ ಗಾಜು ಬಂತು. ಫ್ಲೆಕ್ಸಿನಲ್ಲಿ ಇದ್ದಂತೆಯೇ, ಈ ತುದಿಯಿಂದ ಆ ತುದಿಯವರೆಗೆ. ಕೆಳಗಿನ ಮಾಳಿಗೆ ಪೂರ್ತಿ ಯಾವುದೋ ದೊಡ್ಡ ಬಟ್ಟೆಯಂಗಡಿಗೆ. ಹಳೇ ಮಂದಿಗೆ ಎಲ್ಲಕ್ಕಿಂತ ಮೇಲೆ, ಹಿಂದಿನ ಬದಿ, ಮೂತ್ರಿಖಾನೆಯ ಪಕ್ಕ. ತಲೆಯ ಮೇಲೆ ಭಾಜಿ ಬುಟ್ಟಿ ಹೊತ್ತ ಯಾವ ಹೆಂಗಸು ಅಲ್ಲಿಗೆ ಹತ್ತಿ ಬಂದಾಳು? ನಾನು ಸೀದಾ ಚನ್ನಪ್ಪನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಗಡ್ಡ ಮಾಡಿಸಿಕೊಳ್ಳುತ್ತಿದ್ದ.

"ಕಾರಭಾರ್ಯಾರ, ನೀವು ಭಂಡಾರಾ ಮುಟ್ಟಿ ಹೇಳೀರಿ."

"ಹೇಳೇನ್ರಿ. ಇಲ್ಲ ಅನ್ನೂದಿಲ್ಲ. ಧಣೇರ ಮನಸ ಬದಲಾತು, ನಾ ಏನ ಮಾಡ್ಲಿ?"

"ತಾಯಿ ನೋಡಕೋತಾಳ ಅಂದಿದ್ರಿ. ಅಂಜಿಕಿ ಇಲ್ಲೇನ ನಿಮಗ?"

ಮುಖದ ತುಂಬ ಸಾಬೂನಿನ ನೊರೆ ಇಟ್ಟುಕೊಂಡೇ ನಕ್ಕ. "ಅಂಜಿಕಿ ಇಲ್ಲದನ ಇರತೈತೇನ್ರಿ? ಮುಟ್ಟಿದ ಮರದಿನಾನ ಗುಡ್ಡಕ್ಕ ಹೋಗಿ ತಪ್ಪುಗಾಣಿಕಿ ಹಾಕಿ, ತಾಯಿಗೆ ಹಸರ ಸೀರಿ ಉಡಿಸಿ ಬಂದೇನಿ. ಆಕಿದು ನಂದು ಆವತ್ತ ಮುಗದೈತಿ. ಇನ್ನ ನಿಮ್ಮದು ಹೇಳ್ರಿ, ಮ್ಯಾಲಿನ ಖೋಲಿ ಬೇಕೋ ಬ್ಯಾಡೋ?"

ತಪ್ಪು ಮಾಡಿ ಕಾಣಿಕೆ ಹಾಕಿದವರನ್ನು ಕಂಡಿದ್ದೆ. ಕಾಣಿಕೆ ಮೊದಲು ಹಾಕಿ, ಪುರಸತ್ತಿನಿಂದ ತಪ್ಪು ಮಾಡಿದವನನ್ನು ಕಂಡದ್ದು ಅದೇ ಮೊದಲು. ನಾನೇ ಮನೆಯಿಂದ ಭಂಡಾರ ತಂದು ಅವನ ಮುಂದೆ ಇಟ್ಟಿದ್ದೆನಲ್ಲ ಅಂತ ಮೈಯೆಲ್ಲ ಉರಿಯಿತು. ಮೇಲಿನ ಖೋಲಿ ನಿನ್ನ ಧಣಿಗೇ ಇರಲಿ ಅಂದು ಹೊರಟು ಬಂದೆ.

ಬಂದವಳು ಮನೆಗೆ ಹೋಗಲಿಲ್ಲ. ಕಾಲು ಮಾರ್ಕೆಟ್ ಯಾರ್ಡಿನ ರಸ್ತೆ ಹಿಡಿದವು. ಸಂಜೆ ಬಿಸಿಲು ಇನ್ನೂ ಇತ್ತು. ಶಿವಲಿಂಗಣ್ಣನ ಹೊಸ ಅಂಗಡಿ ಹಳೆಯದಕ್ಕಿಂತ ಅಗಲವಾಗಿತ್ತು, ಗಿರಾಕಿಗಳೂ ಇದ್ದರು. ನನಗಾಗಿ ಹಿಡಿದಿಟ್ಟಿದ್ದೇವೆ ಅಂದಿದ್ದ ಪಕ್ಕದ ಖೋಲಿಯಲ್ಲಿ ಈಗ ಒಬ್ಬ ಮೊಬೈಲಿನ ಕವರು ಮಾರುತ್ತಿದ್ದ. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಆ ದಾರಿಯಲ್ಲೇ ಹೋಗುತ್ತಿದ್ದರು. ಅವರಲ್ಲಿ ಒಬ್ಬಳ ಮೈಮೇಲಿನ ಜಂಪರ್ ನಾನೇ ಹೊಲಿದದ್ದು.

ಗಿರಾಕಿಗಳು ಹೋಗುವವರೆಗೆ ಹೊರಗೆ ನಿಂತೆ. ಆಮೇಲೆ ಒಳಗೆ ಹೋಗಿ, ಕೂರದೆಯೇ ಕೇಳಿದೆ.

"ಶಿವಲಿಂಗಣ್ಣ, ಆವತ್ತ ಯಾಕ ಮುಟ್ಟಲಿಲ್ಲ?"

ಅವನು ಕೈಯಲ್ಲಿದ್ದ ತಂಬಿಗೆಯನ್ನು ಒರೆಸಿ ಕೆಳಗಿಟ್ಟ. ಪಾರಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಚನ್ನಪ್ಪ ಎಲ್ಲಾರಕಿಂತ ಮೊದಲ ನನ್ನ ಕಡೆ ಬಂದಿದ್ದ" ಅಂದ. "ಸಾಲಿನ ಮಂದಿ ನಿನ್ನ ಮಾತ ಕೇಳತೈತಿ, ಅವರನ್ನ ಸುಮ್ನ ಇರಸು, ಕೆಳಗ ಮೂಲಿ ಅಂಗಡಿ ನಿನಗೊಬ್ಬಗ ಕೊಡಸತೇನಿ ಅಂದ. ಉಳದವರದು? ಅಂದೆ. ಅದನ್ನ ನೀ ಕೇಳಬ್ಯಾಡ ಅಂದ. ನಾ ಕೇಳಲಿಲ್ಲ. ಹೂಂ ಅಂದೆ."

"ನನಗ ಗೊತ್ತಿತ್ತು" ಅಂದೆ. ಗೊತ್ತಿತ್ತು, ನಿಜವಾಗಿಯೂ ಗೊತ್ತಿತ್ತು. ಫ್ಲೆಕ್ಸಿನ ಹಗ್ಗ ನೋಡುತ್ತ ನಿಂತ ದಿನದಿಂದಲೇ ಗೊತ್ತಿತ್ತು. ನನ್ನ ಮಾತು ನಿಜವಾದದ್ದಕ್ಕೆ ಒಂದು ಗಳಿಗೆ ಹಿಗ್ಗೂ ಆಯಿತು. ಆಮೇಲೆ ನನ್ನ ಬಾಗಿಲು ನೆನಪಾಯಿತು.

"ಒಳಗಿಂದೊಳಗ ಮಾತಾಡಿಲ್ಲಂತ ಹೆಂಗ ಮುಟ್ಟಲಿ?" ಅಂದ. "ಸುಳ್ಳ ಹೇಳಾಕ ಬಾಯಿ ತಯಾರ ಇತ್ತು. ಕೈ ಬರಲಿಲ್ಲ. ಅದನ್ನ ನೋಡಿ ಚನ್ನಪ್ಪ ಆ ಮೂಲಿನೂ ಕಸಗೊಂಡ. ಭಂಡಾರಾ ಮುಟ್ಟಾಕ ಅಂಜೂ ಮನಶ್ಯಾ ಧಂದೇಕ ಬರಂಗಿಲ್ಲ ಅಂದ."

"ಒಂದ ಮಾತ ಬಾಯಿ ಬಿಟ್ಟು ಹೇಳಿದ್ರ ನಾವೆಲ್ಲಾ ಕೂಡಿ ಕಾಗದಾ ಮಾಡಸ್ತಿದ್ವಿ. ನನ್ನ ಅಂಗಡಿ ಉಳೀತಿತ್ತು. ತಂಗಿ ಅಂತ ಉಡಿ ತುಂಬಿದಾಂವ ನೀನು."

"ಹೌದು, ಹೇಳಬೇಕಿತ್ತು. ಹೇಳಿದ್ರ ನಾ ಹೂಂ ಅಂದದ್ದೂ ಹೇಳಬೇಕಾಗ್ತಿತ್ತು. ಅದಕ್ಕ ಇಕಿನ್ನ ನಿನ್ನ ಕಡೆ ಕಳಿಸಿದೆ, ಈ ಬಾಜೂಕಿನ ಖೋಲಿನಾರ ಹಿಡೀ ಅಂತ."

ನಾನು ಬೈದೆ. ಏನೇನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಮಕ್ಕಳೂ ಇರುತ್ತಾರೆ. ನನ್ನ ಉಸಿರು ಮುಗಿದ ಮೇಲೆ ಅವನು ಅಂಗಡಿಯ ಮುಂಭಾಗದ ಎಡಗಡೆ ಕೈ ತೋರಿಸಿದ. ಅಲ್ಲಿ ದೊಡ್ಡ ಹಂಡೆಗಳಿದ್ದವು.

"ಹಂಡೆ ಒಳಗ ಹಾಕತೇನಿ. ಮಶಿನ್ ಅಲ್ಲಿ ಇಡು, ರಸ್ತೆಕ ಮಾರಿ ಮಾಡಿ. ಬಾಡಗಿ ಮಾತ ಬ್ಯಾಡ."

ಪಾರಕ್ಕ ಒಳಗೆ ಹೋದಳು. ಬಂದಾಗ ಕೈಯಲ್ಲಿ ದೇವರ ಜಗಲಿಯ ಭಂಡಾರದ ಬಟ್ಟಲಿತ್ತು. ನನ್ನ ಮುಂದೆ ಹಿಡಿದಳು.

"ಇಟ್ಕೋ ಮಶಿನ್. ಆದ್ರ ನಂದೊಂದ ಐತಿ. ಹೋದ ವರ್ಷಪೂರ್ತಿ ನೀ ನನ್ನ ಕರುಳ ಸುಟ್ಟೀದಿ. ಇನ್ನ ಮ್ಯಾಲೆ ನಮ್ಮ ಮ್ಯಾಲೆ ಸಂಶೇ ಪಡೂದಿಲ್ಲಂತ ಇದನ್ನ ಮುಟ್ಟಿ ಹೇಳು."

ಮುಟ್ಟಿದರೆ ಆಯಿತು, ಜಾಗ ನನ್ನದು. ಮದುವೆ ಹಂಗಾಮು ಮುಂದಿತ್ತು. ಮನೆಯಲ್ಲಿ ಹಿಟ್ಟಿನ ಡಬ್ಬಿಯ ತಳ ಕಾಣುತ್ತಿತ್ತು. ಬಟ್ಟಲು ನೋಡಿದೆ. ಆದರೆ ಆ ಎಡಗಡೆಯ ಮೂಲೆಯನ್ನು ಅವನು ತೋರಿಸಿದ ಗಳಿಗೆಯಿಂದಲೇ ನನ್ನ ತಲೆ ಓಡಿತ್ತು. ಬಾಡಿಗೆ ಯಾಕೆ ಬೇಡ ಅನ್ನುತ್ತಾನೆ? ಜಂಪರಿಗೆ ಬಂದ ಹೆಂಗಸರು ಭಾಂಡೆ ಕೊಳ್ಳಲಿ ಅಂತಲೇ? ನಾಳೆ ಗಿರಾಕಿ ಹೆಚ್ಚಾದರೆ ನನ್ನನ್ನು ಎತ್ತಂಗಡಿ ಮಾಡಿ ಇನ್ನೊಬ್ಬರಿಗೆ ಕೊಟ್ಟರೆ? ಇಷ್ಟೆಲ್ಲ ನಾನು ಆಗಲೇ ಸಂಶಯಪಟ್ಟು ಮುಗಿಸಿದ್ದೆ.

ಕೈ ಮೇಲೆ ಏಳಲಿಲ್ಲ.

"ಆಗೂದಿಲ್ಲ ಪಾರಕ್ಕ" ಅಂದೆ. "ನನ್ನ ಕಡಿಂದ ಅದು ಆಗೂದಿಲ್ಲ." ಸೆರಗು ಸರಿಮಾಡಿಕೊಂಡು ಹೊರಗೆ ಹೆಜ್ಜೆ ಇಟ್ಟೆ.

ಹಿಂದೆ ಶಿವಲಿಂಗಣ್ಣ ನಗುವುದು ಕೇಳಿಸಿತು. ಆ ನಗು ಕೇಳಿ ವರ್ಷವೇ ಕಳೆದಿತ್ತು.

"ಬಟ್ಟಲಾ ಒಳಗ ಇಡು" ಅಂತ ಹೆಂಡತಿಗೆ ಹೇಳಿದ. "ಇಕಿ ಮುಟ್ಟಿದ್ರ ನಾ ಜಾಗಾ ಕೊಡತಿದ್ದಿಲ್ಲ. ನಾಳಿ ಮುಂಜಾನೆ ಮಶಿನ್ ತರಾಕ ಹೇಳು."